ಆರನೆಯ ದಿನದ ಮಣ್ಣು

ದೇವರು ಆರು ದಿನಗಳಲ್ಲಿ ಮಾಡಿ ಮುಗಿಸಿದ ಕೆಲಸವನ್ನು ನಾನು ಮೂರು ವರ್ಷ, ರವಿವಾರಕ್ಕೆ ಎರಡು ಸಲದಂತೆ ಮಾಡಿದ್ದೇನೆ. ಬೆಳಿಗ್ಗೆ ಶಿಗ್ಗಾಂವಿಯಲ್ಲಿ ಒಮ್ಮೆ, ಮಧ್ಯಾಹ್ನ ಸವಣೂರಿನಲ್ಲಿ ಇನ್ನೊಮ್ಮೆ. ತಿಂಗಳಿಗೊಂದು ಸಲ ಹಾನಗಲ್ಲಿಗೂ ಹೋಗಿ ಅಲ್ಲಿಯೂ ಬೆಳಕು ಕತ್ತಲೆ ಬೇರೆ ಮಾಡಿ ಬರುತ್ತಿದ್ದೆ. ಏಳನೆಯ ದಿನ ಅವನು ದಣಿವಾರಿಸಿಕೊಂಡ ಎಂದು ಕತೆಯಲ್ಲಿದೆ. ನನಗೆ ದುಡಿಮೆಯೆಲ್ಲ ಆ ಏಳನೆಯ ದಿನವೇ.

ಇದು ಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಈಗ ಸೀಮೆಎಣ್ಣೆಗೆ ಚೀಟಿ ಹಿಡಿದು ಪಾಳಿ ನಿಲ್ಲುವಾಗ ಅದೆಲ್ಲ ಯಾವುದೋ ಕಾಲದ್ದು ಅನಿಸುತ್ತದೆ, ಆದರೆ ದಣಿವು ಮಾತ್ರ ಅಲ್ಲಿಂದಲೇ ನಡೆದುಬಂದದ್ದು. ಅಪ್ಪ ಶಿಗ್ಗಾಂವಿಯಲ್ಲಿ ಉಪದೇಶಿ. ಮೂರು ಊರಿನ ನಮ್ಮ ಕ್ರಿಸ್ತಿ ಮಂದಿಗೆ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ರವಿವಾರದ ಶಾಲೆ ಹೇಳುವುದು ಅವನ ಕೆಲಸ. ಗಂಟಲಿನಲ್ಲಿ ಒಂದು ಗಂಟು ಬೆಳೆದು, ಹುಬ್ಬಳ್ಳಿಯ ಡಾಕ್ಟರು ಅದನ್ನು ಕೊಯ್ದು ತೆಗೆದರು. ಗಂಟಿನ ಜೊತೆ ದನಿಯೂ ಹೋಯಿತು. ನಾನು ಧಾರವಾಡದಲ್ಲಿ ಕಾಲೇಜಿನ ಎರಡನೆಯ ವರ್ಷದಲ್ಲಿದ್ದೆ. ಓದು ಬಿಟ್ಟು ಬಂದೆ.

ಆ ಕಾಲೇಜಿನಲ್ಲಿ ಶನಿವಾರಕ್ಕೊಮ್ಮೆ ವಾದದ ಕೂಟ ನಡೆಯುತ್ತಿತ್ತು. ಆಣೆ ಚಿಮ್ಮಿ ಪಕ್ಷ ಹಂಚುತ್ತಿದ್ದರು. ರಾಜನ ತಲೆ ಬಿದ್ದರೆ ಪರ, ಮಗ್ಗುಲು ಬದಲಾದರೆ ವಿರೋಧ. ದೇವರಿಲ್ಲ ಎಂದು ಒಂದು ಶನಿವಾರ ಗೆದ್ದೆ. ಇದ್ದಾನೆ ಎಂದು ಮುಂದಿನ ತಿಂಗಳು ಗೆದ್ದೆ. ಎರಡನೆಯದನ್ನು ಗೆದ್ದ ರಾತ್ರಿಯೇ ಮೊದಲನೆಯದು ನಿಜವೆಂದು ನನಗೆ ಖಾತ್ರಿಯಾಯಿತು, ಅಷ್ಟು ಸಲೀಸಾಗಿ ಗೆದ್ದಿದ್ದೆ. ಅಲ್ಲಿ ನಾನು ಕಲಿತದ್ದು ಎರಡು ಮಾತು. ಎದುರಿನವರ ವಾದದಲ್ಲಿ ಎಲ್ಲಿ ಸಂದು ಬಿಟ್ಟಿದೆ ಹುಡುಕಬೇಕು. ನಮ್ಮ ಬಾಯಿ ತಪ್ಪಿದರೆ ಒಪ್ಪಿಕೊಳ್ಳಬಾರದು, ತಪ್ಪಿದ ಮಾತನ್ನೇ ಬೇಕೆಂದು ಆಡಿದ್ದೆವು ಎನ್ನುವ ಹಾಗೆ ನಿಲ್ಲಿಸಬೇಕು.

ಊರಿಗೆ ಬಂದ ಮೊದಲ ವಾರ ಅಪ್ಪನೊಡನೆ ಜಗಳಕ್ಕೆ ನಿಂತೆ. ಅಪ್ಪ ಮಕ್ಕಳ ಕಲ್ಲುಪಾಟಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಬಳಪದಿಂದ ಬರೆದು ಮಾತಾಡುತ್ತಿದ್ದ.

"ನಂಬದಾಕಿ ನಾ ಹೆಂಗ ಕಲಿಸ್ಲಿ ಅಪ್ಪಾ?"

ಅವನು ಬರೆದ: ನಂಬು ಎನ್ನಲಿಲ್ಲ. ಕತೆ ಹೇಳು.

"ಹುಡುಗ್ರು ಪ್ರಶ್ನಿ ಕೇಳಿದ್ರ?"

ತೋಳಿನಿಂದ ಒರೆಸಿ ಮತ್ತೆ ಬರೆದ: ನೀನೂ ಕೇಳಿದ್ದೆ. ನಾನು ಸತ್ತೆನೇ?

ದನಿ ಇಲ್ಲದ ಮನುಷ್ಯನ ಜೊತೆ ವಾದ ಮಾಡುವುದು ಕಷ್ಟ. ಅವನು ಬರೆದು ಮುಗಿಸುವ ತನಕ ಕಾಯಬೇಕು, ಅಷ್ಟರಲ್ಲಿ ನಮ್ಮ ಸಿಟ್ಟು ಆರಿಹೋಗಿರುತ್ತದೆ.

ಸವಣೂರಿನ ಶಾಲೆ ನಡೆಯುತ್ತಿದ್ದದ್ದು ಒಬ್ಬ ಮುದುಕಿಯ ಪಡಸಾಲೆಯಲ್ಲಿ. ಅವಳು ಮೊದಲು ಮಿಶನ್ ದವಾಖಾನೆಯಲ್ಲಿ ಸೂಲಗಿತ್ತಿಯಾಗಿದ್ದವಳು, ಆ ಓಣಿಯ ಅರ್ಧ ಮಕ್ಕಳನ್ನು ತನ್ನ ಕೈಯಲ್ಲೇ ಹಿಡಿದವಳು. ಎಲ್ಲರೂ ಆಯಿ ಎನ್ನುತ್ತಿದ್ದರು. ಸವಣೂರಿನಲ್ಲಿ ನಮ್ಮವರು ನಾಲ್ಕೇ ಮನೆ. ಉಳಿದ ಮಕ್ಕಳು ಹಿಂದಿನ ವೀಳ್ಯದೆಲೆಯ ತೋಟಗಳಲ್ಲಿ ದುಡಿಯುವವರ ಮಕ್ಕಳು. ಅವರಿಗೆ ನಮ್ಮ ದೇವರು ಬೇಕಿರಲಿಲ್ಲ. ಪಾಠ ಮುಗಿದ ಮೇಲೆ ಕೊಡುವ ಬಣ್ಣದ ಚಿತ್ರದ ಕಾರ್ಡು, ಆಯಿ ಹಂಚುವ ಒಂದೊಂದು ಹಿಡಿ ಕುರುಕಲು ಖಾರ, ಇವೆರಡಕ್ಕೆ ಬರುತ್ತಿದ್ದರು. ಖಾರದ ಪುಡಿಕೆ ಕಣ್ಣೆದುರು ಗೂಡಿನಲ್ಲೇ ಇರುತ್ತಿತ್ತು. ನಾನು ಮೂರನೆಯ ದಿನದ ಗಿಡಮರಗಳಲ್ಲಿ ಹೆಚ್ಚು ಹೊತ್ತು ಸುತ್ತಾಡಿದರೆ ಹಿಂದಿನಿಂದ ಒಂದು ದನಿ ಬರುತ್ತಿತ್ತು: "ಅಕ್ಕಾರ, ದೇವರಿಗೆ ಲಗೂ ಮುಗಸಾಕ ಹೇಳ್ರಿ. ಖಾರಾ ಮೆತ್ತಗಾಗತೈತಿ."

ಆ ಮಕ್ಕಳು ನನ್ನ ವಾದದ ಕೂಟದವರಿಗಿಂತ ಚುರುಕು. ನಾಲ್ಕನೆಯ ದಿನ ಸೂರ್ಯನನ್ನು ಮಾಡಿದ ಎಂದೊಡನೆ ಗಾಣಿಗರ ಹುಡುಗಿ ಕೈ ಎತ್ತುತ್ತಿದ್ದಳು.

"ಹೊತ್ತ ಇರಲಿಲ್ಲಾ ಅಂದಮ್ಯಾಲೆ ಮೂರು ದಿನಾ ಆಗ್ಯಾವು ಅಂತ ಹೆಂಗ ಗೊತ್ತಾತ್ರಿ?"

"ಕೋಳಿ ಕೂಗಿರಬೇಕು," ಎಂದು ಪಕ್ಕದವಳು.

"ಕೋಳಿ ಐದನೇ ದಿವಸ ಹುಟ್ಟೇತಿ, ಸುಮ್ನ ಕುಂದ್ರ."

ನಾನು ಕಾಲೇಜಿನಲ್ಲಿ ಗಡ್ಡದ ಪ್ರೊಫೆಸರರ ಮುಂದೆ ಇದೇ ಸಂದು ತೋರಿಸಿ ಚಪ್ಪಾಳೆ ಹೊಡೆಸಿಕೊಂಡಿದ್ದೆ. ಇಲ್ಲಿ ಅದಕ್ಕೆ ಉತ್ತರ ಹೇಳಬೇಕಾದವಳು ನಾನು. "ಅದು ದೇವರ ಲೆಕ್ಕ" ಎಂದು ಬಿಡುತ್ತಿದ್ದೆ. ಹಾಗೆಂದಾಗಲೆಲ್ಲ ನನ್ನ ಬಾಯಿಯೇ ನನಗೆ ಕಹಿಯಾಗುತ್ತಿತ್ತು.

ಗೋಡೆಗೆ ತೂಗುಹಾಕುವ ಚಿತ್ರಗಳ ಸುರುಳಿಯೊಂದು ನನ್ನ ಹತ್ತಿರ ಇತ್ತು. ಅದರಲ್ಲಿ ಮೊದಲ ಮನುಷ್ಯ ಗುಲಾಬಿ ಮೈಯವನು, ಹಳದಿ ಕೂದಲಿನವನು.

"ಇಂವಾ ಸಾಹೇಬ ಅದಾನ್ರಿ."

"ಎರಿ ಮಣ್ಣಿಲೆ ಮಾಡಿದ್ರ ಕರ್ರಗ ಆಗತಿದ್ದ, ಮಸಾರಿ ಮಣ್ಣಿಲೆ ಮಾಡಿದ್ರ ಕೆಂಪಗ. ಇದ್ಯಾವ ಊರ ಮಣ್ಣರಿ?"

"ಗ್ವಾಡಿ ಸುಣ್ಣಾ ಕೆರದು ಮಾಡಿರಬೇಕು ತಗೊ."

ಆಯಿ ಒಳಗಿನಿಂದ ನಗುತ್ತಿದ್ದಳು. ನಗು ನನಗೂ ಬರುತ್ತಿತ್ತು, ಆದರೆ ಬೆಳಿಗ್ಗೆಯಿಂದ ಇದೇ ಮನುಷ್ಯನನ್ನು ಎರಡನೆಯ ಸಲ ಮಾಡುತ್ತಿರುವವಳಿಗೆ ನಗು ಪೂರ್ತಿ ಬರುವುದಿಲ್ಲ.

ಆ ಒಂದು ರವಿವಾರ ಬಿಸಿಲು ಬಹಳ ಇತ್ತು. ಶಿಗ್ಗಾಂವಿಯಿಂದ ಬರುವ ಮೋಟಾರು ದಾರಿಯಲ್ಲಿ ಕೆಟ್ಟು, ನಾನು ಕೊನೆಯ ಹರದಾರಿ ನಡೆದು ಬಂದಿದ್ದೆ. ಸಂಜೆಯ ಮೋಟಾರಾದರೂ ಸಿಗುತ್ತದೋ ಇಲ್ಲವೋ ಎನ್ನುವುದೇ ತಲೆಯಲ್ಲಿತ್ತು. ಐದು ದಿನಗಳನ್ನು ಓಡಿಸಿಕೊಂಡು ಬಂದು ಆರನೆಯದಕ್ಕೆ ಮುಟ್ಟಿದೆ. ಮಣ್ಣಿಲೆ ಮಾಡಿದ ಎನ್ನಬೇಕಾದಲ್ಲಿ ನಾಲಗೆ ಒಂದು ಅಕ್ಷರ ನುಂಗಿತು.

"ಆರನೇ ದಿವಸ ದೇವರು ಮನುಷ್ಯಾನ್ನ ಮಣ್ಣು ಮಾಡಿದ."

ನಮ್ಮ ಕಡೆ ಮಣ್ಣು ಮಾಡುವುದು ಎಂದರೆ ಸತ್ತವರನ್ನು ಹೂಳುವುದು. ಪಡಸಾಲೆಯಲ್ಲಿ ಎಲ್ಲರೂ ಗೊಳ್ಳೆಂದರು.

"ಹುಟ್ಟೂ ಮೊದಲ ಮಣ್ಣು ಮಾಡಿದ್ನೇನ ದೇವರು!" ಗಾಣಿಗರ ಹುಡುಗಿ ಹೊಟ್ಟೆ ಹಿಡಿದುಕೊಂಡಳು.

ಬಾಯಿ ತಪ್ಪಿತು ಎಂದಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದು ಇದು: "ಹೂಂ ಮತ್ತ. ಮೊದಲ ಮಣ್ಣು ಮಾಡಿದ. ಆಮ್ಯಾಲೆ ಮೂಗಿನಾಗ ಉಸರು ಊದಿ ಎಬ್ಬಿಸಿದ. ನಿಮಗೇನು ಗೊತ್ತು ದೇವರ ಕೆಲಸದ ಪಾಳಿ?"

ಒಳ್ಳೆಯ ಉತ್ತರ ಅನಿಸಿತು. ಮಕ್ಕಳೂ ಸೋತವರಂತೆ ಸುಮ್ಮನಾದರು.

ಕಂಬದ ಹತ್ತಿರ ಯಾವಾಗಲೂ ಒಂದು ಹಿತ್ತಾಳೆ ತಂಬಿಗೆ ಹಿಡಿದು ಕೂಡುವ ಆರು ವರ್ಷದ ಹುಡುಗಿಯೊಬ್ಬಳಿದ್ದಳು. ಅಪ್ಪನಿಗೆ ತೋಟಕ್ಕೆ ನೀರು ಒಯ್ಯುವ ದಾರಿಯಲ್ಲಿ ಬಂದು ಕೂಡುವವಳು. ಅವಳು ಅದುವರೆಗೆ ಒಂದು ಮಾತೂ ಆಡಿದ್ದನ್ನು ನಾನು ಕೇಳಿರಲಿಲ್ಲ. ಕಾರ್ಡು ಕೊಡುವಾಗ ಕೇಳಿದಳು:

"ಮಣ್ಣು ಮಾಡಿದವ್ರು ಊದಿದ್ರ ಏಳತಾರೇನ್ರಿ?"

"ದೇವರು ಊದಿದ್ರ ಏಳತಾರ," ಎಂದೆ. ಮೋಟಾರಿನ ಹಾರ್ನ್ ಕೇಳಿಸಿದಂತಾಗಿ ಸುರುಳಿ ಮಡಚತೊಡಗಿದೆ.

ಮುಂದಿನ ರವಿವಾರ ಆ ಹುಡುಗಿ ಬರಲಿಲ್ಲ. ಪಾಠ ಅರ್ಧಕ್ಕೆ ಬಂದಾಗ ಅವಳ ಅಪ್ಪ ಬಂದು ಕಟ್ಟೆಯ ಕೆಳಗೆ ನಿಂತ. ತೋಟದಿಂದ ನೇರವಾಗಿ ಬಂದಿದ್ದ. ಮೊಣಕೈವರೆಗೆ ಕೆಸರು ಒಣಗಿತ್ತು. ಮೇಲೆ ಬರ್ರಿ ಎಂದರೂ ಬರಲಿಲ್ಲ.

"ಅಕ್ಕಾರ, ನನ್ನ ಮಗಳಿಗೆ ಏನ ಹೇಳೀರಿ ನೀವು?"

"ಯಾಕ್ರಿ, ಏನಾತು?"

"ನಿಮ್ಮ ಕತಿ ಕೇಳಿದಾಗಿಂದ ಸುಡಗಾಡದಾಗ ಕುಂತಾಳ್ರಿ. ಅವರವ್ವನ್ನ ಮಣ್ಣು ಮಾಡಿದಲ್ಲೆ. ಬೆಳಕ ಹರದ್ರ ತಂಬಿಗಿ ತಗೊಂಡು ಹೋಗತಾಳ, ಕತ್ತಲಾದ್ರ ನಾ ಹೊತಗೊಂಡು ಬರಬೇಕು. ಒಪ್ಪತ್ತು ಉಣತಾಳ. ಸಂಜಿಗೆ ಮೈ ಸುಡತೈತಿ."

ಆಯಿ ಒಳಗಿನಿಂದ ಬಂದಳು. "ನಿನಗ ಗೊತ್ತಿರಲಿಲ್ಲೇನ? ಆ ಕೂಸಿನ ಅವ್ವ ಹೋಗಿ ಅವತ್ತಿಗೆ ಹದಿನೈದು ದಿವಸ ಆಗಿತ್ತು. ಮೂರು ದಿನದ ಜ್ವರಾ. ನೀ ಬರೂದು ವಾರಕ್ಕೊಮ್ಮೆ, ಹೋಗೂದು ಮೋಟಾರ ಹಿಂದ ಓಡಿ. ನಿನಗ ಹೇಳಬೇಕಂದ್ರ ನಾನೂ ಮೋಟಾರ ಹತ್ತಬೇಕಾಗತೈತಿ."

ಹುಡುಗಿಯ ಅಪ್ಪ ಮತ್ತೆ ಹೇಳಿದ: "ಬರೂ ಐತವಾರ ಅಕಿ ದೊಡ್ಡವ್ವ ಮಾಸೂರಿಂದ ಬರತಾಳ. ಕರಕೊಂಡು ಹೋಗಿ ತನ್ನ ಮಕ್ಕಳ ಜೋಡಿ ಇಟಗೋತಾಳಂತ. ಅಲ್ಲೆ ಹೈನ ಐತಿ, ನೋಡವ್ರು ಅದಾರ. ನಾ ಇಡೀ ದಿವಸ ತ್ವಾಟದಾಗ ಇರಾಂವ, ನನ್ನ ಕಡಿಂದ ಏನಾಗತೈತಿ? ಇಕಿ ನೋಡಿದ್ರ ಬರೂದಿಲ್ಲಾ ಅಂತಾಳ. ಹೊತ್ತು ಚಕ್ಕಡ್ಯಾಗ ಹಾಕಿದ್ರ ಇಳಿದು ಓಡಿ ಬರತೇನಿ ಅಂತಾಳ. ನೀವ ಹಚ್ಚೀರಿ, ನೀವ ಬಿಡಸ್ರಿ."

ಪಾಠ ಬಿಟ್ಟು ಅವನ ಹಿಂದೆ ಹೋದೆ. ಎಲೆತೋಟಗಳ ಆಚೆ, ಹಳ್ಳದ ದಂಡೆಗೆ ಅವರ ಮಂದಿಯ ಸುಡುಗಾಡು. ಇನ್ನೂ ಹಸಿಯಾಗಿದ್ದ ಒಂದು ದಿಬ್ಬದ ಪಕ್ಕ ಹುಡುಗಿ ಕೂತಿದ್ದಳು. ದಿಬ್ಬದ ಸುತ್ತ ಕೈಯಿಂದ ಒಂದು ಪಾತಿ ಮಾಡಿದ್ದಳು. ನಾನು ಅವಳ ಮುಂದೆ ಕುಕ್ಕರಿಸಿದೆ.

"ಏನ್ ಮಾಡಾಕತ್ತಿ?"

"ನೀರ ಬಿಡಾಕತ್ತೇನ್ರಿ. ಅವ್ವನ್ನ ಮಣ್ಣು ಮಾಡ್ಯಾರಲ್ರಿ."

"ನಾ ಹೇಳಿದ್ದು ಕತಿ, ನಮ್ಮವ್ವಾ."

"ಸುಳ್ಳೇನ್ರಿ?"

ಅದೇ ಪ್ರಶ್ನೆಗೆ ಧಾರವಾಡದಲ್ಲಿ ಹೌದೆಂದು ಹತ್ತು ನಿಮಿಷ ಮಾತಾಡಿದವಳು ನಾನು. "ಕತಿ ಅಂದ್ರ ಕತಿ," ಎಂದೆ.

"ಸುಳ್ಳಿದ್ರ ವಾರಾ ವಾರಾ ಯಾಕ ಹೇಳತೀರಿ?"

ಅದನ್ನು ಅಲ್ಲೇ ಬಿಟ್ಟು ಬೇರೆ ಕಡೆಯಿಂದ ಬಂದೆ. "ಆರ ದಿವಸ ಆಗಿಹೋದ್ವಲ್ಲ? ಎದ್ದಳೇನು?"

"ಏಳನೇ ದಿನಾ ದೇವರು ಮಲಗ್ಯಾನಲ್ರಿ. ಎಚ್ಚರಾಗಿಲ್ಲ." ಬಾಗಿಲು ತೆರೆಯುವುದು ತಡವಾದ ಅಂಗಡಿಯ ಬಗ್ಗೆ ಹೇಳುವಂತೆ ಹೇಳಿದಳು.

"ಮಣ್ಣಾಗ ಹೋದವ್ರು ತಿರುಗಿ ಬರೂದಿಲ್ಲವಾ. ಯಾರೂ ಬಂದಿಲ್ಲ."

"ಬಳ್ಳಿ ಬರತೈತ್ರಿ."

"ಯಾವ ಬಳ್ಳಿ?"

ಅವಳು ನನ್ನನ್ನು ನೋಡಿದ ರೀತಿಯಲ್ಲಿ ಕನಿಕರ ಇತ್ತು. "ಎಲಿಬಳ್ಳಿರಿ. ಅಪ್ಪ ಗಿಡದ ಮ್ಯಾಲಿಂದ ಇಳಿಸಿ, ಸಿಂಬಿ ಸುತ್ತಿ, ಬುಡಕ್ಕ ಇಟ್ಟು ಮಣ್ಣು ಮಾಡತಾನ. ನೀರ ಬಿಡತಾನ. ಸತ್ತಂಗ ಇರತೈತಿ. ಹದಿನೈದು ದಿವಸಕ್ಕ ಎಲಿ ಬರತೈತಿ. ನೀವು ನೋಡೀರೇನು?"

"ಇಲ್ಲ."

"ಹಂಗಾರ ಹೆಂಗ ಹೇಳತೀರಿ?"

ನನ್ನಲ್ಲಿ ಇದ್ದದ್ದು ಮಾತು. ಅವಳಲ್ಲಿ ಇದ್ದದ್ದು ಕಣ್ಣಾರೆ ಕಂಡ ಸಾಕ್ಷಿ. ವಾದದ ಕೂಟದಲ್ಲಾದರೂ ಗಂಟೆ ಹೊಡೆದು ನನ್ನನ್ನು ಕೂರಿಸುತ್ತಿದ್ದರು.

"ದೊಡ್ಡವ್ವನ ಊರಿಗೆ ಹೋಗಿ ಬಾ. ಅಲ್ಲೆ ದೊಡ್ಡ ಕೆರಿ ಐತಂತ."

"ಅವ್ವ ಎದ್ದು ಬಂದಾಗ ನಾ ಮನ್ಯಾಗ ಇಲ್ಲದಿದ್ರ ಹೆದರತಾಳ್ರಿ." ತಂಬಿಗೆ ಎತ್ತಿಕೊಂಡು ಹಳ್ಳದ ಕಡೆ ನಡೆದಳು.

ಆ ವಾರ ನನಗೆ ಹೊತ್ತು ಹೋಗಲಿಲ್ಲ. ಅಪ್ಪನ ಹತ್ತಿರ ಎಲ್ಲ ಹೇಳಿದೆ, ಬಾಯಿ ತಪ್ಪಿದ್ದನ್ನೂ, ಅದನ್ನು ಸಮರ್ಥಿಸಿದ್ದನ್ನೂ. ಅವನು ಪಾಟಿಯನ್ನು ಮಡಿಲಿಗೆ ಎಳೆದುಕೊಂಡ. ಆಮೇಲೆ ಬರೆದ: ಕಡೆಯ ದಿನ ಎಲ್ಲರೂ ಏಳುತ್ತಾರೆ ಅನ್ನು. ನಿನ್ನ ತಾಯಿ ಹೋದಾಗ ನಿನಗೂ ಅದನ್ನೇ ಹೇಳಿದ್ದೆ.

"ನಾನೂ ಕಾದಿದ್ದೆ ಅಪ್ಪಾ. ಎಷ್ಟ ವರ್ಷ ಕಾದೆ ಅನ್ನೂದು ನಿನಗ ಗೊತ್ತಿಲ್ಲ."

ಇದನ್ನು ನಾನು ಅವನಿಗೆ ಯಾವತ್ತೂ ಹೇಳಿರಲಿಲ್ಲ. ಹೇಳಬೇಕೆಂದೂ ಇರಲಿಲ್ಲ. ಅಪ್ಪ ಬರೆದದ್ದನ್ನು ತೋಳಿನಿಂದ ಒರೆಸಲಿಲ್ಲ, ಅಂಗೈಯಿಂದ ಮೆಲ್ಲಗೆ ಒರೆಸಿದ. ಆಮೇಲೆ ಸಣ್ಣ ಅಕ್ಷರದಲ್ಲಿ: ಹಾಗಾದರೆ ನಿನಗೆ ಗೊತ್ತಿರುವುದನ್ನು ಹೇಳು. ಆದರೆ ಮೊದಲು ಗೊತ್ತು ಮಾಡಿಕೊ.

ಮೂರನೆಯ ರವಿವಾರ ಶಿಗ್ಗಾಂವಿಯ ಶಾಲೆಗೆ ರಜೆ ಕೊಟ್ಟು ಬೆಳಗಿನ ಮೋಟಾರಿಗೇ ಸವಣೂರಿಗೆ ಹೋದೆ. ಪಡಸಾಲೆಗೆ ಹೋಗದೆ ನೇರ ಎಲೆತೋಟಕ್ಕೆ ಹೋದೆ. ನಾನು ಹುಟ್ಟಿದ ದಿನದಿಂದ ಎಲೆ ನೋಡಿದ್ದೇನೆ, ಎಲೆ ತಿಂದಿದ್ದೇನೆ, ಬಳ್ಳಿಯ ಬುಡ ನೋಡಿರಲಿಲ್ಲ. ಒಳಗೆ ಕಾಲಿಟ್ಟರೆ ತಂಪು, ಮಬ್ಬು. ಹುಡುಗಿಯ ಅಪ್ಪ ನುಗ್ಗೆಗಿಡಕ್ಕೆ ಹಬ್ಬಿದ್ದ ಬಳ್ಳಿಯನ್ನು ಕಟ್ಟು ಬಿಚ್ಚಿ ಇಳಿಸುತ್ತಿದ್ದ, ಮಲಗಿದ ಕೂಸನ್ನು ತೊಟ್ಟಿಲಿಂದ ಎತ್ತುವಷ್ಟು ಜೋಪಾನವಾಗಿ. ಎಲೆ ಉದುರಿದ ಉದ್ದನೆಯ ಕಾಂಡವನ್ನು ಸಿಂಬಿ ಸುತ್ತಿ ಬುಡದ ಗುಂಡಿಯಲ್ಲಿಟ್ಟ. ಮೇಲೆ ಹೊಸ ಮಣ್ಣು ಎಳೆದ. ಹುಡುಗಿ ಹೇಳಿದ್ದೆಲ್ಲ ನಿಜ. ನಾನು ನಿಂತು ನೋಡಿದೆ. ಅವನು ಎರಡನೆಯ ಬಳ್ಳಿ ಇಳಿಸಿದ, ಮೂರನೆಯದು ಇಳಿಸಿದ. ಅಲ್ಲಿ ಕಂಡಿತು.

"ಅದೇನ್ರಿ, ಕಡೀಗೆ ಒಂದಿಷ್ಟು ಬಿಟ್ರೆಲ್ಲಾ?"

"ತುದಿರಿ. ತುದಿ ಹೊರಗ ಬಿಡಬೇಕು, ಒಂದು ಮೊಳಾ. ಅದನ್ನ ಮತ್ತ ಗಿಡಕ್ಕ ಕಟ್ಟತೇವಿ."

"ಪೂರಾ ಮುಚ್ಚಿದ್ರ?"

"ಕೊಳತು ಹೋಗತೈತ್ರಿ. ಉಸರಾಡಾಕ ಏನೂ ಇರಂಗಿಲ್ಲಲ್ಲ."

ಸಂದು ಸಿಕ್ಕಿತ್ತು. ಇಷ್ಟು ವರ್ಷ ಸಂದು ಸಿಕ್ಕಾಗಲೆಲ್ಲ ಮೈ ಬಿಸಿಯಾಗುತ್ತಿತ್ತು. ಆ ದಿನ ಮಾತ್ರ ಯಾಕೆ ಸಿಕ್ಕಿತಪ್ಪಾ ಅನಿಸಿತು.

"ಮಗಳನ್ನ ಕರಕೊಂಡು ಬರ್ರಿ," ಎಂದೆ. ಅವನಿಗೂ ಅರ್ಥವಾಯಿತು. ಕೈಯಲ್ಲಿದ್ದ ಮಣ್ಣನ್ನು ಉದುರಿಸಿಕೊಂಡ. "ಹೇಳಬೇಕೇನ್ರಿ?" ಎಂದ. ಆಮೇಲೆ ಅವನೇ ಹೋಗಿ ಕರೆದುಕೊಂಡು ಬಂದ.

ಹುಡುಗಿ ಬಂದು ಬಳ್ಳಿಯ ಮುಂದೆ ಕೂತಳು, ನನಗೆ ಪಾಠ ಹೇಳುವವಳ ಹಾಗೆ. "ನೋಡ್ರಿ, ನಾ ಹೇಳಿದ್ನೆಲ್ಲಾ."

"ಹೌದವಾ. ನೀ ಹೇಳಿದ್ದು ಖರೇ ಐತಿ. ಇದೇನು ಇದು, ಹೊರಗ ಇರೂದು?"

"ತುದಿರಿ."

"ಯಾಕ ಹೊರಗ ಬಿಟ್ಟಾನ ಅಪ್ಪ?"

ಅವಳು ಅಪ್ಪನ ಮುಖ ನೋಡಿದಳು. ಅವನು ಬೇರೆ ಕಡೆ ನೋಡುತ್ತ ಹೇಳಿದ: "ತುದಿ ಮುಚ್ಚಿದ್ರ ಬಳ್ಳಿ ಬರೂದಿಲ್ಲವಾ."

ಹುಡುಗಿ ತುದಿಯ ಚಿಗುರನ್ನು ಮುಟ್ಟಿದಳು. ಮಣ್ಣಿಗೆ ಸೇರುವ ಜಾಗದವರೆಗೆ ಬೆರಳು ಎಳೆದಳು, ಮತ್ತೆ ಮೇಲಕ್ಕೆ ತಂದಳು. ಹೀಗೆ ಎಷ್ಟೋ ಸಲ.

"ಅವ್ವಂದು ತುದಿ ಬಿಟ್ಟೀರೇನು?"

"ಇಲ್ಲವಾ," ಎಂದ ಅಪ್ಪ.

"ಪೂರಾ ಮುಚ್ಚೀರೇನು?"

"ಹೂಂ."

"ಯಾಕ ಬಿಡಲಿಲ್ಲ?"

ನೀನೇ ಅವಳ ತುದಿ, ನೀನು ಹೊರಗಿದ್ದೀಯಲ್ಲ ಎಂಬ ಮಾತು ನನ್ನ ನಾಲಗೆಯವರೆಗೆ ಬಂದಿತ್ತು. ಪ್ರಾರ್ಥನೆಯ ದಿನ ಆಡಿದ್ದರೆ ಹೆಂಗಸರೆಲ್ಲ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನ್ನ ಒಂದು ಚಂದದ ಮಾತಿಗೆ ಆ ಕೂಸು ಹದಿನಾಲ್ಕು ದಿನ ಬಿಸಿಲಲ್ಲಿ ಕೂತಿತ್ತು. ಇನ್ನೊಂದು ಕೊಡಲಿಕ್ಕೆ ಮನಸ್ಸಾಗಲಿಲ್ಲ.

"ಮನುಷ್ಯಾರಿಗೆ ತುದಿ ಇರೂದಿಲ್ಲವಾ," ಎಂದೆ. "ನಾ ಅವತ್ತ ತಪ್ಪ ಹೇಳಿದ್ನಿ. ಬಾಯಿ ತಪ್ಪಿತ್ತು, ಒಪ್ಪಿಕೊಳ್ಳಲಿಲ್ಲ. ಮಣ್ಣು ಮಾಡಿದವ್ರು ಬರೂದಿಲ್ಲ. ನಿಮ್ಮವ್ವ ಬರೂದಿಲ್ಲ."

ಅವಳು ಅಳಲಿಲ್ಲ. ಕಾಲುವೆಗೆ ಹೋಗಿ ತಂಬಿಗೆ ತೊಳೆದಳು, ಒಳಗೆ ಕೈ ಹಾಕಿ ತಿಕ್ಕಿ ತಿಕ್ಕಿ ತೊಳೆದಳು. ತಂದು ಅಪ್ಪನ ಕಾಲ ಹತ್ತಿರ ಬೋರಲು ಹಾಕಿ, ಮನೆಯ ದಾರಿ ಹಿಡಿದಳು.

ಮಧ್ಯಾಹ್ನ ದೊಡ್ಡವ್ವ ಬಂದಳು. ಎತ್ತರದ ಹೆಂಗಸು, ದೊಡ್ಡ ದನಿ, ಬರುವಾಗಲೇ ಹುಡುಗಿಗೆ ಒಂದು ಹೊಸ ಪರಕಾರ ತಂದಿದ್ದಳು. ಹುಡುಗಿ ಉಟ್ಟುಕೊಂಡಳು, ಉಣ್ಣೆಂದಾಗ ಉಂಡಳು, ಹತ್ತೆಂದಾಗ ಚಕ್ಕಡಿ ಹತ್ತಿದಳು. "ನೋಡ್ರಿ, ಸುಮ್ನ ಹಟಾ ಮಾಡತಾಳ ಅಂದಿದ್ರೆಲ್ಲಾ, ಎಷ್ಟ ಶಾಣ್ಯಾಕಿ!" ಎಂದಳು ದೊಡ್ಡವ್ವ. ಅಪ್ಪ ಚಕ್ಕಡಿಯ ಹಿಂದೆ ಮೋಟಾರು ನಿಲ್ಲುವ ಜಾಗದವರೆಗೆ ನಡೆದುಹೋದ. ಹುಡುಗಿ ತಿರುಗಿ ಕೂತಿದ್ದಳು, ಆದರೆ ಅವನನ್ನು ನೋಡುತ್ತಿರಲಿಲ್ಲ. ದಾರಿಯ ಎರಡೂ ಕಡೆಯ ತೋಟಗಳ ಬುಡಗಳನ್ನು ನೋಡುತ್ತಿದ್ದಳು.

ಆಯಿ ಪಡಸಾಲೆಯಲ್ಲಿ ನನಗೆ ಚಹಾ ಕೊಟ್ಟು ಎದುರು ಕೂತಳು. "ಗೆದ್ದೆ ಬಿಡು," ಎಂದಳು. ಹೊಗಳಿದ್ದೋ ಚುಚ್ಚಿದ್ದೋ ಗೊತ್ತಾಗಲಿಲ್ಲ. ಕೇಳುವ ಶಕ್ತಿಯೂ ಇರಲಿಲ್ಲ.

ಆಮೇಲೆಯೂ ರವಿವಾರಗಳು ಬಂದವು. ಬೆಳಕು ಮಾಡಿದೆ, ನೀರು ನೆಲ ಬೇರೆ ಮಾಡಿದೆ, ಹಕ್ಕಿ ಮೀನು ಮಾಡಿದೆ. ಆರನೆಯ ದಿನಕ್ಕೆ ಬಂದಾಗ ಮಾತ್ರ "ಮಣ್ಣು ಕಲಸಿ, ಹದಾ ಮಾಡಿ, ತಿದ್ದಿ ತೀಡಿ" ಎಂದು ಕುಂಬಾರನ ಕೆಲಸವನ್ನೆಲ್ಲ ಹೇಳುತ್ತಿದ್ದೆ. ಮಣ್ಣು ಮತ್ತು ಮಾಡು ಎನ್ನುವ ಎರಡು ಮಾತು ಹತ್ತಿರ ಬರದಂತೆ ನೋಡಿಕೊಳ್ಳುತ್ತಿದ್ದೆ. ಮಕ್ಕಳು ಕೇಳಿದ್ದಕ್ಕೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನತೊಡಗಿದೆ. ಗಾಣಿಗರ ಹುಡುಗಿಗೆ ಅದು ಸೇರಲಿಲ್ಲ. "ಅಕ್ಕಾರ ಈಗೀಗ ಮೆತ್ತಗಾಗ್ಯಾರ, ಖಾರದಂಗ," ಎಂದು ಉಳಿದವರಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು.

ವರ್ಷವಾಗುತ್ತ ಬಂದಾಗ ದೊಡ್ಡವ್ವ ಹುಲಗೂರಿನ ದರ್ಗಾಕ್ಕೆ ಹರಕೆ ಒಪ್ಪಿಸಲು ಬಂದವಳು ಸವಣೂರಿಗೂ ಬಂದಳು. ಒಬ್ಬಳೇ ಬಂದಿದ್ದಳು. ಆಯಿಯ ಕಟ್ಟೆಯ ಮೇಲೆ ಕೂತು ಎಲೆಯ ತೊಟ್ಟು ಮುರಿಯುತ್ತ ಹೇಳಿದಳು:

"ಹುಡುಗಿ ಛಲೋ ಅದಾಳ್ರಿ. ಹಾಲ ಕುಡೀತಾಳ, ಕೆರಿ ದಂಡಿಗೆ ದನಾ ಕಾಯತಾಳ. ಆದ್ರ ಹೋದ ತಿಂಗಳ ಮಂದಿ ಮುಂದ ಮರ್ಯಾದಿ ತಗದಳು. ನಮ್ಮತ್ತಿ ಹೋದ್ರು. ಮಣ್ಣಿಗೆ ಇಡೀ ಓಣಿ ಬಂದೈತಿ. ಕುಣ್ಯಾಗ ಇಳಿಸ್ಯಾರ, ಇನ್ನೇನ ಮಣ್ಣ ಎಳೀಬೇಕು, ಇಕಿ ಎಲ್ಲಿಂದೋ ಓಡಿ ಬಂದು ಚೀರಾಕತ್ತಿದಳ್ರಿ. 'ತುದಿ ಬಿಡ್ರಿ, ತುದಿ ಹೊರಗ ಬಿಡ್ರಿ!' ಅಂತ. ಗಂಡಸರು ಮುಟಿಗ್ಯಾಗ ಮಣ್ಣ ಹಿಡಕೊಂಡು ನಿಂತಬಿಟ್ರು. ಯಾರ ಹೇಳಿದ್ರೂ ಕೇಳವಲ್ಲಳು."

"ಏನ್ ಮಾಡಿದ್ರಿ?"

"ಏನ್ ಮಾಡೂದ್ರಿ? ನನ್ನ ಗಂಡಗ ಸಂಕಟ ಆತು, ತಾಯಿ ಹೋದಾಂವ ಅವನೂ. ಅವ್ವನ ಸೆರಗಿನ ತುದಿ ಒಂದ ಗೇಣು ಹೊರಗ ಬಿಟ್ಟು ಮಣ್ಣ ಎಳದ್ರು. ಅವಾಗ ಸುಮ್ಮನಾದಳು."

"ಆಮ್ಯಾಲೆ?"

"ಆಮ್ಯಾಲೇನು, ದಿನಾ ಹೋಗಿ ನೋಡಿ ಬರತಿದ್ದಳು. ಕುಂದರತಿದ್ದಿಲ್ಲ, ನಿಂತ ನೋಡಿ ಬರೂದು. ಹದಿನೈದು ದಿವಸ ಆದಮ್ಯಾಲೆ ಒಂದಿನಾ ಮನಿಗೆ ಬಂದು 'ಎಲಿ ಬರಲಿಲ್ಲ' ಅಂದಳು. ರೊಟ್ಟಿ ಹಾಕಿಸಿಕೊಂಡು ಉಂಡಳು. ಮತ್ತ ಹೋಗಿಲ್ಲ." ದೊಡ್ಡವ್ವ ಎಲೆಗೆ ಸುಣ್ಣ ಸವರಿದಳು. "ಇಂಥಾವೆಲ್ಲಾ ಯಾರ ಕಲಿಸ್ಯಾರೋ ಅಕಿಗೆ!"

ಆಯಿ ನನ್ನ ಕಡೆ ನೋಡಲಿಲ್ಲ. ಖಾರದ ಪುಡಿಕೆ ಕಟ್ಟುತ್ತಿದ್ದಳು.

"ನಾನ ಕಲಿಸೇನ್ರಿ," ಎಂದೆ.

ದೊಡ್ಡವ್ವನ ಕೈ ನಿಂತಿತು. "ನೀವಾ? ನೀವು ದೇವರ ಕತಿ ಹೇಳವ್ರಲ್ರಿ?"

ಮಕ್ಕಳು ಬರತೊಡಗಿದ್ದರು. ಸುರುಳಿಯನ್ನು ಗೋಡೆಗೆ ತೂಗುಹಾಕಿ ಅವತ್ತಿನ ಪಾಠ ಮಾಡಿದೆ. ಸಂಜೆ ಮೋಟಾರು ಸಿಕ್ಕಿತು.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ, ಚೀರಿದ್ದು, ಸೆರಗು, ಹದಿನೈದು ದಿನ. ನಂಬಿಕೆಯ ಬಗ್ಗೆ ಏನೋ ಬರೆಯುತ್ತಾನೆ, ನಾನು ಏನೋ ಹೇಳುತ್ತೇನೆ, ಇಬ್ಬರೂ ಇನ್ನೊಂದು ತಾಸು ಎಚ್ಚರಿರಬೇಕಾಗುತ್ತದೆ ಎಂದು ಮೊದಲೇ ದಣಿದು ಕೂತಿದ್ದೆ. ಅಪ್ಪ ಬಳಪ ಹುಡುಕಿದ. ಸಿಕ್ಕಿತು. ಬರೆದ.

ಈಗ ಎರಡು ಹೊತ್ತೂ ಉಣ್ಣುತ್ತಾಳೋ?

"ಉಣತಾಳಂತ," ಎಂದೆ.

ಅಪ್ಪ ಪಾಟಿ ಒರೆಸಿ ಗೋಡೆಗೆ ಆನಿಸಿಟ್ಟ.